ಶ್ವಾಸಕೋಶದ ಅಂತರಾಲರೋಗದಲ್ಲಿ ಪ್ರಾಣವಾಯುವಿನ ಕೊರತೆ: ಒಂದು ಹೆಸರಿನ ಇತಿಹಾಸ

ರೋಗಕ್ಕೆ ಹೆಸರಿಡುವವರು ಒಮ್ಮೊಮ್ಮೆ ಹೆಸರಿನೊಡನೆ ಅದರ ಕಾರಣವನ್ನೂ ನಿರ್ಣಯಿಸಿಬಿಡುವುದುಂಟು. ಅಂಥ ನಿರ್ಣಯವು ಪರೀಕ್ಷೆಗೆ ಒಳಗಾಗದೆಯೇ ಕೆಲಕಾಲ ಪ್ರಮಾಣದಂತೆ ನಡೆಯುವುದು. ಶ್ವಾಸಕೋಶದ ಅಂತರಾಲರೋಗದ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

ವಾಯುಕೋಶಗಳಿಗೂ ಅವನ್ನು ಸುತ್ತುವರಿದ ಲೋಮನಾಳಗಳಿಗೂ ನಡುವಣ ಅತಿ ತೆಳುವಾದ ಗೋಡೆಯು ಈ ರೋಗದಲ್ಲಿ ಉರಿಯೂತದಿಂದಲೂ ನಾರುಗಟ್ಟುವುದರಿಂದಲೂ ದಪ್ಪನಾಗುವುದು. ರಕ್ತದಲ್ಲಿ ಪ್ರಾಣವಾಯುವು ಕುಂದುವುದು. ಪ್ರಾಣವಾಯುವು ಒತ್ತಡದ ತಾರತಮ್ಯದಿಂದಲೇ ಗೋಡೆಯನ್ನು ದಾಟುವುದೆಂದು ಕೋಪನ್‌ಹೇಗನ್ನಿನ ಆಗಸ್ಟ್ ಕ್ರೋಗರು 1910ರಲ್ಲಿಯೇ ಪ್ರತಿಪಾದಿಸಿದ್ದರು. ಹಾಗಿದ್ದಮೇಲೆ ದಪ್ಪಗೋಡೆಯೇ ಕೊರತೆಗೆ ಕಾರಣವೆಂದು ಊಹಿಸುವುದು ಸಹಜವಾಗಿತ್ತು. 1951ರಲ್ಲಿ ಆಸ್ಟ್ರಿಯನ್, ಕೂರ್ನಾಂಡ್ ಮೊದಲಾದ ಅಮೆರಿಕದ ವೈದ್ಯರು ಈ ಸ್ಥಿತಿಯನ್ನು ‘ವಾಯುಕೋಶ-ಲೋಮನಾಳ ತಡೆ’ ಎಂದು ಕರೆದರು.

ಕುಂಬಾರನ ಕತ್ತೆಯು ಗಡಿಗೆಯ ಬಳಿಯಲ್ಲಿ ನಿಂತ ಮಾತ್ರಕ್ಕೆ ಗಡಿಗೆಗೆ ಕಾರಣವಾಗದೆಂಬುದು ನಮ್ಮ ನೈಯಾಯಿಕರ ಮಾತು. 1962ರಲ್ಲಿ ಫಿನ್ಲೆ, ಸ್ವೆನ್ಸನ್, ಕಾಮ್ರೋ ಎಂಬವರು ಈ ಬಗೆಯ ವಿವೇಚನೆಯನ್ನೇ ನಡೆಸಿದರು. ರೋಗಿಯು ವಿಶ್ರಾಂತಿಯಲ್ಲಿರುವಾಗಿನ ಕೊರತೆಗೆ ಗೋಡೆಯ ತಡೆಯು ಮುಖ್ಯಕಾರಣವಲ್ಲವೆಂದೂ, ಗಾಳಿಗೂ ರಕ್ತಕ್ಕೂ ಹೊಂದಿಕೆ ತಪ್ಪುವುದೇ ಮುಖ್ಯಕಾರಣವೆಂದೂ ತೋರಿಸಿದರು. ಗಾಳಿ ಸಾಲದ ಭಾಗಗಳಲ್ಲಿಯೂ ರಕ್ತವು ಹರಿಯುತ್ತಲೇ ಇದ್ದು, ಪ್ರಾಣವಾಯುವನ್ನು ಸಾಕಷ್ಟು ಪಡೆಯದೆ ಮುಂದೆ ಸಾಗುವುದು. ಗಾಳಿ ಹೆಚ್ಚಿರುವ ಭಾಗಗಳು ಈ ನಷ್ಟವನ್ನು ತುಂಬಲಾರವು. ಅಲ್ಲಿನ ರಕ್ತವರ್ಣದ್ರವ್ಯವು ಮೊದಲೇ ಬಹುಮಟ್ಟಿಗೆ ತುಂಬಿರುವುದು.

ಹಾಗಾದರೆ ಗೋಡೆಯು ನಿರ್ದೋಷಿಯೆ? ಅಲ್ಲ. ವಿಶ್ರಾಂತಿಯಲ್ಲಿ ರಕ್ತಕಣವು ಲೋಮನಾಳದಲ್ಲಿ ಸುಮಾರು ಮುಕ್ಕಾಲು ಸೆಕೆಂಡು ಇರುವುದು. ಆರೋಗ್ಯವಂತನಲ್ಲಿ ಪ್ರಾಣವಾಯುವು ತುಂಬಲು ಅದರ ಮೂರನೆಯ ಒಂದು ಪಾಲೇ ಸಾಕು. ಈ ಉಳಿತಾಯದ ಕಾಲವು ರೋಗಿಯನ್ನೂ ಬಹುಮಟ್ಟಿಗೆ ಕಾಯುವುದು. ಅವನು ನಡೆದಾಗಲೋ, ಮೆಟ್ಟಿಲೇರಿದಾಗಲೋ ರಕ್ತದ ವೇಗವು ಹೆಚ್ಚಿ ಆ ಕಾಲವು ಕುಗ್ಗುವುದು. ಸ್ನಾಯುಗಳಿಂದ ಮರಳುವ ರಕ್ತವೂ ಮತ್ತಷ್ಟು ಬರಿದಾಗಿರುವುದು. ಆಗ ದಪ್ಪಗೋಡೆಯು ನಿಜವಾಗಿಯೂ ತಡೆಯಾಗುವುದು. 1974ರಲ್ಲಿ ವ್ಯಾಗ್ನರ್, ವೆಸ್ಟ್ ಮೊದಲಾದವರು ಜಡವಾಯುಗಳಿಂದ ಅಳೆಯುವ ಕ್ರಮವನ್ನು ಪ್ರಕಟಿಸಿದರು. ಆ ಕ್ರಮದಿಂದ ನಡೆದ ಶೋಧನೆಗಳೂ ಈ ವಿಭಾಗವನ್ನೇ ಸಮರ್ಥಿಸಿದುವು.

ಈ ವಿಚಾರವು ಕೇವಲ ಶಬ್ದಜಿಜ್ಞಾಸೆಯಲ್ಲ. ಕುಳಿತ ರೋಗಿಯ ಬೆರಳಿನಲ್ಲಿ ಅಳೆದ ಪ್ರಾಣವಾಯುವು ಸರಿಯಾಗಿದ್ದರೂ ಅವನು ನಡೆಯುವಾಗ ಅದು ಅಪಾಯಕರವಾಗಿ ಇಳಿಯಬಹುದು. ಆದುದರಿಂದಲೇ ಇಂದಿನ ವೈದ್ಯರು ರೋಗಿಯನ್ನು ಆರು ನಿಮಿಷ ನಡೆಯಿಸಿ ಪರೀಕ್ಷಿಸುವರು. ಕಾರಣವೊಂದೇ ಎಂದು ಸಾರಿದ ಹೆಸರು, ಅವಸ್ಥೆಯೊಡನೆ ಕಾರಣವೂ ಬದಲಾಗುವುದನ್ನು ಮರೆಮಾಡಿತ್ತು.