ದೇಹದ ಸಾಕ್ಷ್ಯವೂ ಶ್ರಾವಕನ ಅಪ್ರಮಾದವೂ

ಶ್ರಾವಕನು ತೊರೆಯಬೇಕಾದ ಸಪ್ತವ್ಯಸನಗಳಲ್ಲಿ ಜೂಜು, ಮಾಂಸ, ಮದ್ಯಗಳಿವೆ; ತಂಬಾಕಿನ ಹೆಸರಿಲ್ಲ. ಅದಕ್ಕೆ ಶಾಸ್ತ್ರದ ಸಮ್ಮತಿ ಕಾರಣವಲ್ಲ, ಕಾಲವೇ ಕಾರಣ. ಅಮೆರಿಕ ಖಂಡದ ಈ ಸಸ್ಯವನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ಬಿಜಾಪುರದಲ್ಲಿ ಇದನ್ನು ಕಂಡು ಮೊಗಲರ ಆಸ್ಥಾನಕ್ಕೆ ಒಯ್ದನು. 1617ರಲ್ಲಿ ಜಹಾಂಗೀರನು ನಿಷೇಧಿಸಿದರೂ ಅದು ಹಬ್ಬುತ್ತಲೇ ಹೋಯಿತು. ಮದ್ಯಮಾಂಸಗಳನ್ನು ಮುಟ್ಟದ ಗೃಹಸ್ಥರಲ್ಲಿಯೂ ಬೀಡಿ, ನಶ್ಯ, ಹೊಗೆಸೊಪ್ಪುಗಳನ್ನು ದೋಷವೆಂದು ಎಣಿಸದವರುಂಟು. “ಕೆಟ್ಟರೆ ನನ್ನ ದೇಹ ತಾನೆ?” ಎಂಬುದು ಅವರ ಸಮಾಧಾನ. ಈ ಮಾತಿನ ಸತ್ಯಾಸತ್ಯತೆಯನ್ನು ಒರೆಗೆ ಹಚ್ಚುವ ಪರೀಕ್ಷೆಯೊಂದು ಇಂದು ಲಭ್ಯವಿದೆ. ಅದರ ಚರಿತ್ರೆ ಆರಂಭವಾಗುವುದು ಒಂದು ಕೊಲೆಯಿಂದ.

1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪೊಸೆಲ್ಟ್ ಮತ್ತು ರೈಮನ್ ಎಂಬವರು ತಂಬಾಕಿನಿಂದ ನಿಕೋಟಿನ್ ವಿಷವನ್ನು ಬೇರ್ಪಡಿಸಿದರು. ಸಸ್ಯಜನ್ಯ ವಿಷ ಮೃತದೇಹದಲ್ಲಿ ಪತ್ತೆಯಾಗದೆಂಬುದು ಅಂದಿನ ನಂಬಿಕೆ. 1850ರಲ್ಲಿ ಬೆಲ್ಜಿಯಂನ ಬೊಕಾರ್ಮೆ ಎಂಬ ಶ್ರೀಮಂತನು ಆಸ್ತಿಯ ಲೋಭದಿಂದ ತಂಬಾಕಿನ ಎಲೆಗಳಿಂದ ತಾನೇ ವಿಷ ತೆಗೆದು, ಪತ್ನಿಯ ಸಹೋದರನಿಗೆ ಬಲವಂತವಾಗಿ ಕುಡಿಸಿದನು. ರಸಾಯನಶಾಸ್ತ್ರಜ್ಞ ಸ್ಟಾಸ್ ಮೃತನ ಅಂಗಾಂಶಗಳಿಂದ ಮದ್ಯಸಾರ ಮತ್ತು ಈಥರುಗಳ ಸಹಾಯದಿಂದ ನಿಕೋಟಿನನ್ನು ಬೇರ್ಪಡಿಸಿ ತೋರಿಸಿದನು. 1851ರಲ್ಲಿ ಅಪರಾಧಿಗೆ ಮರಣದಂಡನೆಯಾಯಿತು.

ಕೊಲೆಯನ್ನು ಬಯಲಿಗೆಳೆದ ಈ ವಿದ್ಯೆ ಇಪ್ಪತ್ತನೆಯ ಶತಮಾನದಲ್ಲಿ ಬದುಕಿರುವವರ ಕಡೆಗೆ ತಿರುಗಿತು. ದೇಹ ಸೇರಿದ ನಿಕೋಟಿನ್ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆದರೆ ಯಕೃತ್ತು ಅದನ್ನು ಕೋಟಿನಿನ್ ಎಂಬ ದ್ರವ್ಯವಾಗಿ ಮಾರ್ಪಡಿಸುತ್ತದೆ; ಅದು ಕೆಲವು ದಿನಗಳವರೆಗೆ ರಕ್ತ, ಮೂತ್ರ, ಜೊಲ್ಲುಗಳಲ್ಲಿ ಕಾಣಸಿಗುತ್ತದೆ. ಬ್ರಿಟನ್ನಿನಲ್ಲಿ ಎಂದೂ ಸೇದದ ಶಾಲಾಮಕ್ಕಳ ಜೊಲ್ಲನ್ನು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆತಾಯಿಗಳಿಬ್ಬರೂ ಸೇದುವ ಮನೆಯ ಮಕ್ಕಳಲ್ಲಿ ಕೋಟಿನಿನ್ ಅತ್ಯಧಿಕವಾಗಿ ಕಂಡುಬಂದಿತು. ಅಮೆರಿಕದಲ್ಲಿ 1988-91ರ ಸಮೀಕ್ಷೆಯ ಪ್ರಕಾರ ತಂಬಾಕು ಸೇವಿಸದ ನೂರು ಜನರಲ್ಲಿ ಸುಮಾರು 88 ಜನರ ರಕ್ತದಲ್ಲಿ ಅದು ಇದ್ದಿತು. ಧೂಮಪಾನ ಕಡಿಮೆಯಾಗಿ, ಸಾರ್ವಜನಿಕ ಸ್ಥಳಗಳಲ್ಲಿ ನಿರ್ಬಂಧ ಹೆಚ್ಚಿದ ಮೇಲೆ 2011-12ರಲ್ಲಿ ಆ ಸಂಖ್ಯೆ ಸುಮಾರು 25ಕ್ಕೆ ಇಳಿಯಿತು. ಒಬ್ಬನ ಹೊಗೆ ಮತ್ತೊಬ್ಬನ ರಕ್ತವನ್ನು ಸೇರುತ್ತದೆ. ಒಬ್ಬನ ಸಂಯಮವೂ ಮತ್ತೊಬ್ಬನನ್ನು ಕಾಯುತ್ತದೆ.

ಆದರೆ ಪರೀಕ್ಷೆಗೂ ಮಿತಿಯುಂಟು. ವ್ಯಸನ ಬಿಡಲು ನಿಕೋಟಿನ್ ಗಮ್ ಜಗಿಯುವವನಲ್ಲಿಯೂ ಕೋಟಿನಿನ್ ಕಾಣುತ್ತದೆ. ಒದ್ದೆಯಾದ ಹಸಿ ಎಲೆಗಳನ್ನು ಕೊಯ್ಯುವ ಕೂಲಿಯವರ ಚರ್ಮದ ಮೂಲಕವೂ ನಿಕೋಟಿನ್ ಒಳಸೇರಿ ವಾಕರಿಕೆ, ತಲೆಸುತ್ತುಗಳನ್ನು ತರುತ್ತದೆ. ಅವರು ಎಂದೂ ಸೇದಿರಬೇಕೆಂದಿಲ್ಲ. ವಾರವಿಡೀ ಸೇದದೆ ಪರೀಕ್ಷೆಗೆ ನಿಂತ ವ್ಯಸನಿ ನಿರ್ದೋಷಿಯಂತೆ ತೋರಬಹುದು. ಪರೀಕ್ಷೆ ಅಳೆಯುವುದು ದ್ರವ್ಯವನ್ನು, ಭಾವವನ್ನಲ್ಲ. ಆದ್ದರಿಂದ ಅದರ ಫಲವನ್ನು ಹಿಡಿದು ಯಾರನ್ನೂ ಹಳಿಯುವುದು ತರವಲ್ಲ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟರು. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅದನ್ನೇ ವಿಸ್ತರಿಸಿದರು. ಬೊಕಾರ್ಮೆ ಕೊಲ್ಲಬೇಕೆಂದೇ ವಿಷವಿಕ್ಕಿದನು. ಮಗುವಿನ ಬಳಿ ಕುಳಿತು ಬೀಡಿ ಹಚ್ಚುವ ತಂದೆಗೆ ಅಂತಹ ಸಂಕಲ್ಪವಿಲ್ಲ. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ಹೊಗೆ ಎಲ್ಲಿಗೆ ಹೋಗುತ್ತದೆಂದು ತಿಳಿದ ಮೇಲೆಯೂ ಎಚ್ಚರಗೊಳ್ಳದಿರುವುದು ಪ್ರಮಾದವೇ. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡಿಸುವ ಅನರ್ಥದಂಡವಿರತಿಯ ವ್ಯಾಪ್ತಿಗೆ ಇದು ಸೇರುವುದರಲ್ಲಿ ಸಂದೇಹವಿಲ್ಲ.

ಬಸದಿಯ ಆವರಣವನ್ನೂ ಯಾತ್ರಿನಿವಾಸವನ್ನೂ ಹೊಗೆಯಿಂದ ಮುಕ್ತವಾಗಿಡುವುದು ವಿಶ್ವಸ್ತ ಮಂಡಳಿಗಳ ಕೈಯಲ್ಲಿದೆ. ಮನೆಯನ್ನು ಹಾಗೆ ಕಾಯುವುದು ಗೃಹಸ್ಥನ ಕೈಯಲ್ಲಿದೆ. ಉಳಿದ ಪರೀಕ್ಷೆಯನ್ನು ಪ್ರತಿದಿನದ ಪ್ರತಿಕ್ರಮಣದಲ್ಲಿ ಅವನೇ ಮಾಡಿಕೊಳ್ಳಬೇಕು.