ಸಾಲ್ಮನ್ ಇಲ್ಲದ ಕಡಲಲ್ಲಿ ಗಾಳದ ಬೋಟುಗಳು



ಜೂನ್ ಬಂತೆಂದರೆ ಮಂಜೇಶ್ವರ, ಕಾಸರಗೋಡಿನ ನಮಗೆ ಟ್ರಾಲಿಂಗ್ ನಿಷೇಧವನ್ನು ಯಾರೂ ನೆನಪಿಸಬೇಕಾಗಿಲ್ಲ. ಕೇರಳದಲ್ಲಿ 1988ರಲ್ಲಿ ಶುರುವಾದ ಈ ನಿಷೇಧ ಈಗ 52 ದಿನಗಳದ್ದು. ಕಷ್ಟವೇ ಆದರೂ ದಿನ ಎಣಿಸಬಹುದು, ಜುಲೈ 31 ಕಳೆದರೆ ಬೋಟುಗಳು ಹೊರಡುತ್ತವೆ. ಹಾಗೆ ದಿನ ಎಣಿಸಲೂ ಆಗದೆ ಕಾದವರ ಚರಿತ್ರೆಯನ್ನು ಈ ಬಾರಿ ನೋಡೋಣ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೋರ್ಟ್ ಬ್ರಾಗ್, ಬೊಡೇಗಾ ಬೇ, ಹಾಫ್ ಮೂನ್ ಬೇ ಮುಂತಾದ ಬಂದರುಗಳಿಂದ ಬಾಡಿಗೆ ಬೋಟುಗಳು ಹೊರಡುತ್ತವೆ. ಪೇಟೆಯವರು ಹಣ ಕೊಟ್ಟು ಹತ್ತಿ, ತಾವೇ ಗಾಳ ಹಾಕಿ ಸಾಲ್ಮನ್ ಹಿಡಿಯುತ್ತಾರೆ. ಬೋಟಿನವರು ಮಾರುವುದು ಮೀನನ್ನಲ್ಲ, ಒಂದು ದಿನದ ಸೀಟನ್ನು. ಗಾಳ, ಎರೆ ಮಾರುವ ಅಂಗಡಿ, ಲಾಡ್ಜ್, ಹೋಟೆಲುಗಳಿಗೂ ಈ ಗಿರಾಕಿಗಳೇ ಆಧಾರ.

2002ರಲ್ಲಿ ಸ್ಯಾಕ್ರಮೆಂಟೊ ನದಿ ವ್ಯವಸ್ಥೆಗೆ ಏಳು ಲಕ್ಷಕ್ಕೂ ಹೆಚ್ಚು ಸಾಲ್ಮನ್‌ಗಳು ಮೊಟ್ಟೆಯಿಡಲು ಮರಳಿದ್ದವು. 2007ರಲ್ಲಿ ಮರಳಿದ್ದು ಒಂದು ಲಕ್ಷಕ್ಕೂ ಕಡಿಮೆ. ಹಾಗಾಗಿ 2008ರಲ್ಲಿ ಅಲ್ಲಿನ ಕಡಲಲ್ಲಿ ಸಾಲ್ಮನ್ ಹಿಡಿಯುವುದನ್ನು ವ್ಯಾಪಾರಕ್ಕೂ ಹವ್ಯಾಸಕ್ಕೂ ಪೂರ್ತಿ ನಿಲ್ಲಿಸಲಾಯಿತು. 2009ರಲ್ಲೂ ಹೆಚ್ಚುಕಡಿಮೆ ಅದೇ ಕತೆ.

ಕಾರಣ ಹಿಂದಿನ ವರ್ಷಗಳಲ್ಲಿತ್ತು. ಈ ಸಾಲ್ಮನ್ ನದಿಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಹೆಚ್ಚಾಗಿ ಮೂರನೇ ವರ್ಷ ನದಿಗೆ ಮರಳುತ್ತದೆ. 2005ರಲ್ಲಿ ಕಡಲ ಆಳದ ಪೌಷ್ಟಿಕ ತಣ್ಣೀರು ಸಕಾಲಕ್ಕೆ ಮೇಲೆ ಬರಲಿಲ್ಲ, ಮರಿಗಳಿಗೆ ಆಹಾರ ಸಿಗಲಿಲ್ಲ. ಅಣೆಕಟ್ಟುಗಳಿಂದಲೂ ನೀರಿನ ಬಳಕೆಯಿಂದಲೂ ನದಿ ಮೊದಲೇ ಸೊರಗಿತ್ತು. 2020ರಿಂದ 2022ರವರೆಗಿನ ಬರಗಾಲದ ನಂತರ, 2023 ಮತ್ತು 2024ರಲ್ಲಿ ಪುನಃ ಪೂರ್ತಿ ನಿಷೇಧ ಬಂತು.

ಬೋಟು ಬಂದರಿನಲ್ಲೇ ನಿಂತರೂ ಸಾಲದ ಕಂತು, ವಿಮೆ, ತಂಗುಬಾಡಿಗೆ ನಿಲ್ಲುವುದಿಲ್ಲ. ಕೆಲವರು ಬೇರೆ ಮೀನು, ಏಡಿ, ತಿಮಿಂಗಿಲ ತೋರಿಸುವ ಪ್ರವಾಸಗಳತ್ತ ತಿರುಗಿದರು. ಆದರೆ ಸಾಲ್ಮನ್‌ಗೆಂದೇ ಬರುತ್ತಿದ್ದವರೆಲ್ಲ ಅವಕ್ಕೆ ಬರುವುದಿಲ್ಲ. 2008ರಲ್ಲಿ ಅಮೆರಿಕದ ಸಂಸತ್ತು ಪಶ್ಚಿಮ ಕರಾವಳಿಗೆ 17 ಕೋಟಿ ಡಾಲರ್ ನೆರವು ಕೊಟ್ಟಿತ್ತು. 2023ರ ನಷ್ಟಕ್ಕೆ ಘೋಷಣೆಯಾದದ್ದು ಸುಮಾರು 2 ಕೋಟಿ ಡಾಲರ್, ಅದೂ 2024ರಲ್ಲಿ.

ಕೊನೆಗೆ 2025ರ ಜೂನ್ 7 ಮತ್ತು 8ರಂದು ಗಾಳದವರಿಗೆ ಮಾತ್ರ ಕಡಲು ತೆರೆಯಿತು. ಬೇಸಿಗೆಗೆ ಗೊತ್ತುಮಾಡಿದ್ದ 7,000 ಮೀನುಗಳ ಮಿತಿ ಆ ಎರಡೇ ದಿನಗಳಲ್ಲಿ ಮುಗಿದುಹೋಯಿತು.

ನಿಷೇಧ ತಪ್ಪೆಂದು ನಾವು ಹೇಳುತ್ತಿಲ್ಲ. ಮರಳಿದ ಅಷ್ಟಿಷ್ಟು ಮೀನನ್ನೂ ಹಿಡಿದರೆ ಮುಂದಿನ ಪೀಳಿಗೆಗೆ ಏನೂ ಉಳಿಯದು. ಆದರೆ ನದಿಯ ನೀರನ್ನು ಹಂಚಿಕೊಂಡವರು ಅನೇಕರು, ಅದರ ಬೆಲೆ ಮೊದಲು ತೆತ್ತವರು ದಡದಲ್ಲಿದ್ದ ಕೆಲವರು. ನಮ್ಮಲ್ಲೂ ಬೋಟು ನಿಂತರೆ ಮಂಜುಗಡ್ಡೆಯವರ, ಬಲೆ ಹೆಣೆಯುವವರ, ಬುಟ್ಟಿ ಹೊತ್ತು ಮೀನು ಮಾರುವ ಅಮ್ಮಂದಿರ ಸಂಪಾದನೆಗೂ ಪೆಟ್ಟು ಬೀಳುತ್ತದೆ. ಮುಂದಿನ ಜೂನ್‌ನಲ್ಲಿ ನಮ್ಮ ವಾರ್ಡಿನ ಅಂಥ ಮನೆಗಳಿಗೆ ಹೋಗಿ, ಅವರ ಕಷ್ಟಸುಖ ವಿಚಾರಿಸೋಣವೇ?