ಕೈಮರದ ಹಿಂದಿನ ಕೈಗಳು

ಇತಿಹಾಸವೆಂದೊಡನೆ ಅರಸರ ಶಾಸನಗಳನ್ನೂ ಕೋಟೆಕೊತ್ತಲಗಳನ್ನೂ ನೆನೆಯುವುದು ನಮ್ಮಲ್ಲಿ ರೂಢಿಯಾಗಿದೆ. ಗಡಿನಾಡಿನ ಚರಿತ್ರೆಯನ್ನು ಬರೆಯಹೊರಟವರೂ ಬಹುಮಟ್ಟಿಗೆ ಈ ದಾರಿಯನ್ನೇ ಹಿಡಿದಿದ್ದಾರೆ. ಆದರೆ ನಮ್ಮ ಊರುಗಳ ಮಗ್ಗುಲಲ್ಲೇ ತಲೆಮಾರುಗಳ ಕಾಲ ಹಗಲಿರುಳೆನ್ನದೆ ನಡೆದುಬಂದ ಒಂದು ಉದ್ಯೋಗವನ್ನು ಯಾರೂ ಬರೆದಿಡುವ ಗೋಜಿಗೆ ಹೋದಂತಿಲ್ಲ. ಅದು ರೈಲ್ವೆ ಸಿಗ್ನಲ್ ಕ್ಯಾಬಿನ್ನಿನ ಉದ್ಯೋಗ. ಈ ಶತಮಾನಕ್ಕೆ ಹಿಂದಿನ ಶತಮಾನದ ನಡುಭಾಗದಲ್ಲಿ ಅದು ಹೇಗಿತ್ತು, ಅದರಿಂದ ನಾವು ತಿಳಿಯತಕ್ಕದ್ದೇನು ಎಂಬುದನ್ನು ಇಲ್ಲಿ ಸಂಗ್ರಹವಾಗಿ ನೋಡೋಣ.

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು. 1871ರಲ್ಲಿ ಅದು ರಾಯಚೂರಿಗೆ ಬಂದು, ಮದ್ರಾಸಿನಿಂದ ಆದವಾನಿಯ ಮೇಲೆ ಬಂದ ಹಳಿಯನ್ನು ಕೂಡಿತು. 1880ರ ದಶಕದಲ್ಲಿ ಹೊಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಮೀಟರ್ ಗೇಜ್ ದಾರಿಯಾಯಿತು. ಸೊಲ್ಲಾಪುರ, ಹೊಟಗಿ, ಅಕ್ಕಲಕೋಟ ರೋಡ್, ದುಧನಿ, ವಾಡಿ, ರಾಯಚೂರು, ಆದವಾನಿ, ಗುಂತಕಲ್ಲು: ಹೆಸರುಗಳನ್ನು ಸಾಲಾಗಿ ಓದಿದರೆ ಗಡಿನಾಡ ಕನ್ನಡಿಗರ ಸೀಮೆಯೇ ಕಣ್ಣಮುಂದೆ ನಿಲ್ಲುತ್ತದೆ.

ಆರಂಭದ ದಿನಗಳಲ್ಲಿ ಹಳಿ ಕವಲೊಡೆಯುವ ಪಾಯಿಂಟಿನ ಬಳಿ ಒಬ್ಬ ಆಳು ನಿಂತು ಕೈಯಿಂದಲೇ ಅದನ್ನು ತಿರುಗಿಸುತ್ತಿದ್ದನು. ಮರಾಠಿಯಲ್ಲಿ ಅವನನ್ನು ಸಾಂಧೇವಾಲಾ ಎನ್ನುತ್ತಾರೆ. ಅವನು ಒಂದು ಕಡೆಗೆ ಹಳಿ ತಿರುಗಿಸಿ, ಸಿಗ್ನಲಿನವನು ಇನ್ನೊಂದು ಕಡೆಗೆ ಅಪ್ಪಣೆ ಕೊಟ್ಟರೆ ಅನಾಹುತ ತಪ್ಪುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ 1856ರಲ್ಲಿ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಎಂಬಾತನು ಸಿಗ್ನಲು ಪಾಯಿಂಟುಗಳನ್ನು ಒಟ್ಟಿಗೆ ಬಿಗಿಯುವ ಯಂತ್ರಕ್ಕೆ ಪೇಟೆಂಟು ಪಡೆದನು. ಆ ಬಳಿಕ ಬೆಳೆದದ್ದೇ ಇಂಟರ್‌ಲಾಕಿಂಗ್, ಅಂದರೆ ಪರಸ್ಪರ ಬೀಗದ ಏರ್ಪಾಡು. 1889ರಲ್ಲಿ ಐರ್ಲೆಂಡಿನ ಆರ್ಮಾ ಎಂಬಲ್ಲಿ ಸುಮಾರು 80 ಜನ ಮಡಿದ ಮೇಲೆ ಬ್ರಿಟಿಷ್ ಪಾರ್ಲಿಮೆಂಟು ಅದೇ ವರ್ಷ ಪ್ರಯಾಣಿಕರ ಮಾರ್ಗಗಳಿಗೆಲ್ಲ ಇದನ್ನು ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ ಈ ಮಾಳಿಗೆಮನೆಗಳಿಗೆ ಟವರ್ ಎಂದು ಹೆಸರು, ನಮ್ಮಲ್ಲಿ ಕ್ಯಾಬಿನ್.

ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೊಡ್ಡ ನಿಲ್ದಾಣಗಳ ಎರಡು ತುದಿಗಳಲ್ಲಿ ಇಂಥ ಎರಡು ಕ್ಯಾಬಿನ್ನುಗಳಿರುತ್ತಿದ್ದುವು. ಸಲಾಕೆಗಳಿಂದ ಎಳೆದು ಪಾಯಿಂಟನ್ನು ಸರಿಸಬಹುದಾದ ದೂರಕ್ಕೆ ಮಿತಿಯಿದ್ದುದೇ ಎರಡು ಕಟ್ಟಲು ಕಾರಣ. ಮೇಲ್ಮಹಡಿಯಲ್ಲಿ ಸನ್ನೆಕೋಲುಗಳ ಸಾಲು: ನಿಲ್ಲಿಸುವ ಸಿಗ್ನಲಿಗೆ ಕೆಂಪು, ಪಾಯಿಂಟಿಗೆ ಕಪ್ಪು, ಪಾಯಿಂಟಿನ ಬೀಗಕ್ಕೆ ನೀಲಿ, ಕೆಲಸವಿಲ್ಲದ್ದಕ್ಕೆ ಬಿಳಿ. ಮೊದಲು ಕಪ್ಪು, ಆಮೇಲೆ ನೀಲಿ, ಕಟ್ಟಕಡೆಗೆ ಕೆಂಪು. ಈ ಕ್ರಮ ತಪ್ಪಿದರೆ ಬಲಶಾಲಿಯಾದವನೂ ಕೋಲನ್ನು ಕದಲಿಸಲಾರ. ತಂತಿ ಹರಿದರೆ ಭಾರದ ಬಲದಿಂದ ಕೈಮರದ ತೋಳು ತಾನಾಗಿಯೇ ಅಡ್ಡಕ್ಕೆ ನಿಂತು ಗಾಡಿಯನ್ನು ತಡೆಯುತ್ತಿತ್ತು. ಕೆಟ್ಟರೂ ಕ್ಷೇಮದ ಕಡೆಗೇ ಕೆಡಬೇಕೆಂಬುದು ಇಲ್ಲಿನ ತತ್ತ್ವ.

ಇಷ್ಟಾದರೂ ಕ್ಯಾಬಿನ್ನಿನವನು ಸ್ವತಂತ್ರನಲ್ಲ. ಗಾಡಿಯನ್ನು ಬರಮಾಡಿಕೊಳ್ಳಲು ಸ್ಟೇಷನ್ ಮಾಸ್ತರರ ಅನುಮತಿ ಬೇಕು. ಮಾಸ್ತರರಿಗೆ ಪಕ್ಕದ ನಿಲ್ದಾಣದ ಒಪ್ಪಿಗೆ ಬೇಕು. ಒಂಟಿ ಹಳಿಯಲ್ಲಿ ಯಂತ್ರದಿಂದ ಒಂದು ಲೋಹದ ಗುಂಡು ಹೊರಬಂದರೆ, ಅದು ಮರಳಿ ಯಂತ್ರವನ್ನು ಸೇರುವವರೆಗೆ ಎರಡೂ ನಿಲ್ದಾಣಗಳಲ್ಲಿ ಇನ್ನೊಂದು ಹೊರಬರುವಂತಿಲ್ಲ. ಆ ಗುಂಡು ಕೈಗೆ ಸಿಗದೆ ಡ್ರೈವರನು ಹೊರಡುವಂತಿಲ್ಲ. ಫೋನಿನಲ್ಲಿ ಕೊಟ್ಟ ಮಾತಿಗೂ ಸಾಕ್ಷಿಯಾಗಿ ಗುಪ್ತಸಂಖ್ಯೆಯೊಂದನ್ನು ಹೇಳಿ ಇಬ್ಬರೂ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಯಾರೊಬ್ಬರನ್ನೂ ಪೂರ್ತಿಯಾಗಿ ನಂಬದಿರುವುದರಿಂದಲೇ ಎಲ್ಲರೂ ನಂಬಬಹುದಾದ ವ್ಯವಸ್ಥೆಯೊಂದು ಉಂಟಾಯಿತೆಂದರೆ ತಪ್ಪಾಗಲಾರದು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಮಾರ್ಗವು ಮುಂಬಯಿ, ಮೈಸೂರು, ಆಂಧ್ರಗಳೆಂಬ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಆದರೆ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಗಾಡಿಯ ಸುದ್ದಿ ಮುಟ್ಟಿಸುತ್ತಿದ್ದ ಗಂಟೆಯ ಬಡಿತಗಳಿಗೆ ಭಾಷೆಯ ಹಂಗಿರಲಿಲ್ಲ. ಬಡಿತಗಳನ್ನು ಎಣಿಸಬಲ್ಲವನು ಮನೆಯಲ್ಲಿ ಕನ್ನಡವಾಡಲಿ, ಮರಾಠಿ, ತೆಲುಗು, ಉರ್ದುಗಳನ್ನಾಡಲಿ, ಅರ್ಥ ಒಂದೇ. ಭೂಪಟದ ಗೆರೆಯ ಆಚೀಚೆ ಇದ್ದವರು ಪ್ರತಿದಿನವೂ ಪರಸ್ಪರ ಹೊಣೆಗಾರರಾಗಿ ಬಾಳಿದರೆಂಬುದು ಗಡಿನಾಡಿನವರಾದ ನಮಗೆ ಸಣ್ಣ ಸಂಗತಿಯಲ್ಲ.

ಆದರೂ ಕಬ್ಬಿಣವು ಸನ್ನೆಕೋಲನ್ನು ಬಿಗಿಯಬಲ್ಲದೇ ಹೊರತು ಮನುಷ್ಯನ ನೆನಪನ್ನಲ್ಲ. 1915ರ ಮೇ 22ರಂದು ಸ್ಕಾಟ್ಲೆಂಡಿನ ಕ್ವಿಂಟಿನ್‌ಷಿಲ್ ಕ್ಯಾಬಿನ್ನಿನಲ್ಲಿ ಕೆಲಸಕ್ಕೆ ಬಂದ ಸಿಗ್ನಲುಗಾರನು, ತಾನು ಬಂದಿಳಿದ ಗಾಡಿಯೇ ಕಿಟಕಿಯ ಹೊರಗೆ ನಿಂತಿರುವುದನ್ನು ಮರೆತು ಸೈನಿಕರ ಗಾಡಿಗೆ ದಾರಿ ಬಿಟ್ಟನು. 200ಕ್ಕೂ ಹೆಚ್ಚು ಜನ ಸತ್ತರು. ನೆನಪಿಗಾಗಿ ಕೋಲಿಗೆ ತೊಡಿಸಬೇಕಾದ ಒಂದು ಬಳೆಯನ್ನು ಅಂದು ತೊಡಿಸಿರಲಿಲ್ಲ. ನಮ್ಮ ಕ್ಯಾಬಿನ್ನುಗಳಲ್ಲಿಯೂ ಆ ಬಳೆಯನ್ನು ತೊಡಿಸುವ ನಿಯಮವಿತ್ತು.

ನೆನಪಿಗೆ ಮೊದಲ ಶತ್ರು ದಣಿವು. 1947ರಲ್ಲಿ ನ್ಯಾಯಮೂರ್ತಿ ರಾಜಾಧ್ಯಕ್ಷರ ತೀರ್ಪು ರೈಲ್ವೆ ದುಡಿಮೆಯನ್ನು ವಿಂಗಡಿಸಿ, ತೀವ್ರ ಕೆಲಸಕ್ಕೆ ವಾರಕ್ಕೆ 45 ಗಂಟೆ, ಸತತ ಕೆಲಸಕ್ಕೆ 54, ಬಿಟ್ಟುಬಿಟ್ಟು ಬರುವ ಕೆಲಸಕ್ಕೆ 75 ಎಂದು ಗೊತ್ತುಪಡಿಸಿತು. ಗಾಡಿಗಳು ವಿರಳವಾದ ಸಣ್ಣ ನಿಲ್ದಾಣಗಳು ಕೊನೆಯ ವರ್ಗಕ್ಕೆ ಸೇರುತ್ತಿದ್ದುವು. ಗಾಡಿ ಬಾರದ ಹೊತ್ತಿನಲ್ಲೂ ಎಚ್ಚರವಿರಬೇಕಾದವನ ಎಚ್ಚರವನ್ನು ದುಡಿಮೆಯೆಂದು ಪೂರ್ಣವಾಗಿ ಎಣಿಸಲಿಲ್ಲವೆಂಬುದನ್ನು ಇತಿಹಾಸಕಾರನು ಗಮನಿಸಬೇಕು.

1950ರ ದಶಕದ ಕೊನೆಯ ಹೊತ್ತಿಗೆ ಮುಂಬಯಿಯ ಚರ್ಚ್‌ಗೇಟಿನಲ್ಲಿ ಗುಂಡಿಯೊತ್ತುವ ಫಲಕ ಬಂದಿತು. 1980ರ ದಶಕದಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿಯೇ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ದೇಶದಲ್ಲಿ ಮೊದಲಾಗಿ ಬಂದಿತು. ಮುಖ್ಯಮಾರ್ಗಗಳಲ್ಲಿ ಹಳೆಯ ಕ್ಯಾಬಿನ್ನುಗಳು ಬಹುಪಾಲು ಮುಚ್ಚಿವೆ. ಯಂತ್ರ ಸುಧಾರಿಸಿದ್ದರಿಂದ ಒಳಿತಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ 2023ರ ಜೂನ್ 2ರಂದು ಒಡಿಶಾದ ಬಹಾನಗಾದಲ್ಲಿ, ಸಿಗ್ನಲಿನ ತಂತಿಜೋಡಣೆಯನ್ನು ಬದಲಿಸುವಾಗ ಆದ ಲೋಪದಿಂದ, ಪಕ್ಕದ ಹಳಿಗೆ ತಿರುಗಿದ್ದ ಪಾಯಿಂಟಿನ ಮುಂದೆಯೂ ಹಸಿರು ದೀಪವೇ ಬೆಳಗಿತು. 290ಕ್ಕೂ ಹೆಚ್ಚು ಜೀವಗಳು ಹೋದುವು. ಪರಸ್ಪರ ಪರೀಕ್ಷೆಯೆಂಬ ಹಳೆಯ ಪಾಠ ಹೊಸ ಯಂತ್ರಕ್ಕೂ ಬೇಕೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನವಿಲ್ಲ.

ಸನ್ನೆಕೋಲುಗಳನ್ನು ವಸ್ತುಸಂಗ್ರಹಾಲಯಗಳು ಕಾಪಾಡಿಯಾವು. ಅವನ್ನು ಎಳೆದ ಕೈಗಳ ಅನುಭವವನ್ನು ಕಾಪಾಡುವವರಾರು? ಗಡಿಯ ರೈಲುಊರುಗಳಲ್ಲಿ ನಿವೃತ್ತರಾದ ಹಿರಿಯರು ಇನ್ನೂ ಇದ್ದಾರೆ. ಅವರ ಪಾಳಿ, ಅವರ ಮಾತಿನಲ್ಲಿ ಬೆರೆತ ಮೂರು ನಾಲ್ಕು ಭಾಷೆಗಳ ಕೆಲಸದ ಪದಗಳು, ಅವರು ತಪ್ಪಿಸಿದ ಅಪಘಾತಗಳು ಯಾವ ಕಡತದಲ್ಲಿಯೂ ಸಿಗಲಾರವು. ಶಿಕ್ಷಕರಾದ ನಾವು ವಿದ್ಯಾರ್ಥಿಗಳನ್ನು ಅವರ ಬಳಿಗೆ ಕಳುಹಿಸಿ, ಕೇಳಿದ್ದನ್ನು ಬರೆಯಿಸಿ ಶಾಲೆಯಲ್ಲಿ ಇಡುವ ಕೆಲಸವನ್ನು ಈ ವರ್ಷವೇ ಕೈಗೊಳ್ಳುವುದು ಯುಕ್ತ. ನೂರಾರು ಊರುಗಳ ಜನ ನಿಶ್ಚಿಂತೆಯಿಂದ ನಿದ್ರಿಸುತ್ತ ಪಯಣಿಸಿದ್ದು ಅವರು ಎಚ್ಚರವಾಗಿದ್ದುದರಿಂದ.